ಮೋಟಾರು ಇಳಿಸುವ ದಿನ

ಮೊನ್ನೆ ಚಿಕ್ಕೋಡಿಯ ಅಂಗಡಿಯೊಂದರಲ್ಲಿ ಹೊಸ ಹಗ್ಗದ ಸುರುಳಿಯ ಪಕ್ಕ ಗ್ರೀಸಿನ ಡಬ್ಬಿ ತೆರೆದಿತ್ತು. ಎರಡರ ವಾಸನೆ ಕೂಡಿ ಮೂಗಿಗೆ ಬಂದದ್ದೇ ತಡ, ಬಂದ ಕೆಲಸ ಮರೆತು ಅಲ್ಲೇ ನಿಂತೆ. ನಿಮಗೂ ಹೀಗಾಗಿರಬೇಕು, ಈಗಿಲ್ಲದ ಮನೆಯೊಂದು ಹೇಳದೆ ಕೇಳದೆ ಎದುರಿಗೆ ಬಂದು ನಿಲ್ಲುತ್ತದೆ. ನನ್ನೆದುರು ನಿಂತದ್ದು ಉಗಾರ ಬುದ್ರುಕದ ನಮ್ಮ ಮನೆ, ಅದರ ಹಿಂದಿನ ಕಬ್ಬಿನ ಹೊಲ, ಹೊಲದ ಅಂಚಿನ ಬಾವಿ. ಕೃಷ್ಣೆ ಹತ್ತಿರವೇ ಇದ್ದುದರಿಂದ ಮಳೆಗಾಲದಲ್ಲಿ ಬಾವಿಯ ನೀರು ಏರುತ್ತಿತ್ತು, ಬೇಸಿಗೆಯಲ್ಲಿ ಪಾತಾಳ ಸೇರುತ್ತಿತ್ತು. ನೀರಿನ ಹಿಂದೆ ನಮ್ಮ ಮೋಟಾರೂ ಏರಬೇಕು, ಇಳಿಯಬೇಕು. ಅದಕ್ಕೆಂದೇ ಎರಡು ಕಲ್ಲುಕಂಬಗಳ ನಡುವೆ ಮರದ ದಪ್ಪ ಉರುಳೆಯೊಂದಿತ್ತು. ಮೈಗೆ ಸುತ್ತಿದ ಹಗ್ಗ, ಉರುಳೆಯ ಒಂದು ತುದಿಗೆ ತಿರುಗಿಸಲು ಕಬ್ಬಿಣದ ಹಿಡಿಕೆ.

ಮೋಟಾರು ಇಳಿಸುವ ದಿನ ಮನೆಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಅಜ್ಜ ಹಿಡಿಕೆ ಹಿಡಿಯುತ್ತಿದ್ದ. ನಮ್ಮ ಆಯಿ, ಅಂದರೆ ಅಜ್ಜಿ, ಅಂಗೈಗೆ ಗೋಣಿ ಸುತ್ತಿಕೊಂಡು ಉರುಳೆ ಜೋರಾಗಿ ತಿರುಗದಂತೆ ಅದರ ಮೈಮೇಲೆ ಒತ್ತಿ ನಿಲ್ಲುತ್ತಿದ್ದಳು. ಬಾವಿಯೊಳಗಿನ ಕಟ್ಟೆಯ ಮೇಲೆ ಮೋಟಾರಿಗೆ ಕಾದು ನಿಂತವನು ನಮ್ಮ ಕಾಕಾ, ಅಪ್ಪನ ತಮ್ಮ. ಕಾಕಾ ಕೆಳಗಿರುವಷ್ಟು ಹೊತ್ತು ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಆಯಿ ತಿರುಗಿ ನೋಡುತ್ತಿರಲಿಲ್ಲ. ಮೋಟಾರು ಒಂದೇ ಸಮನೆ, ತೂಕಡಿಸಿದಂತೆ ಇಳಿಯುತ್ತಿತ್ತು. ಭಾರವೆಂದರೆ ಹೀಗೆ ಇಳಿಯುವುದೆಂದೇ ನಾನು ತಿಳಿದಿದ್ದೆ.

ಆ ತಿಳಿವಳಿಕೆಯೇ ಪಿಯುಸಿಯಲ್ಲಿ ನನ್ನನ್ನು ಕೆಡವಿತು. ಉರುಳೆಗೆ ಹಗ್ಗ ಸುತ್ತಿದೆ, ತುದಿಗೆ ಭಾರ ಕಟ್ಟಿ ಬಿಟ್ಟಿದೆ, ಭಾರದ ವೇಗೋತ್ಕರ್ಷ ಎಷ್ಟು? ಯಾವ ಲೆಕ್ಕ ಕೊಟ್ಟರೂ ನನ್ನ ಉತ್ತರ ಸೊನ್ನೆ. ಫಿಜಿಕ್ಸಿನಲ್ಲಿ ನಪಾಸಾದೆ. ಅಜ್ಜ ಸಿಟ್ಟಾಗಲಿಲ್ಲ. ಮರುಪರೀಕ್ಷೆಯಲ್ಲೂ ಹೀಗೇ ಆದರೆ ಕಾಲೇಜು ಸಾಕು ಎಂದಷ್ಟೇ ಹೇಳಿ ಎಲೆ ಅಡಿಕೆ ಹಾಕಿಕೊಂಡ. ಅಜ್ಜನ ಮಾತು ನಮ್ಮಲ್ಲಿ ಕಲ್ಲಿನ ಮೇಲೆ ಕೊರೆದಂತೆ. ನನಗೆ ಊಟ ಸೇರದಾಯಿತು.

ಕಾಕಾ ಮಿರಜದಲ್ಲಿ ಸೈನ್ಸ್ ಓದಿ, ದ್ರಾಕ್ಷಿ ಬೆಳೆಯಲು ಊರಿಗೆ ಮರಳಿದವನು. ಒಂದು ಸಂಜೆ ನಾನು ಬಿಡಿಸಿದ ಲೆಕ್ಕಗಳನ್ನೆಲ್ಲ ತಿರುವಿ ನೋಡಿದ.

“ಹಗ್ಗದ ಎಳೆತ ತೂಕದಷ್ಟ ಅಂತ ಎಲ್ಲಾ ಕಡೆ ಯಾಕ ಬರದಿ?”

“ಅಷ್ಟ ಇರಲಿಲ್ಲಂದ್ರ ಜೋರಾಗಿ ಬೀಳ್ತೈತಲ್ಲ ಕಾಕಾ.”

“ಬೀಳಲಿ ಬಿಡು. ಲೆಕ್ಕದಾಗ ಕೆಳಗ ಯಾರೂ ನಿಂತಿಲ್ಲವ್ವಾ.”

ಮರುದಿನ ಬೆಳಿಗ್ಗೆ ಕಾಕಾ ಉರುಳೆಯ ಹಿಡಿಕೆ ಕಳಚಿಟ್ಟ, ಹಗ್ಗಕ್ಕೊಂದು ಕಲ್ಲು ಕಟ್ಟಿದ. ಉರುಳೆಯನ್ನು ಹಿಡಿದು ನಿಂತವಳು ಆಯಿ. ಬಿಡು ಎಂದರೆ ಬಿಡಲೊಲ್ಲಳು. ಬಾವಿಗೆ ಬಗ್ಗಿ ನೋಡಿದಳು, ಅಜ್ಜನನ್ನು ಕೂಗಿ ಮೇಲಿದ್ದಾನೆಂದು ಖಾತ್ರಿ ಮಾಡಿಕೊಂಡಳು. ಕೊನೆಗೆ ಒಂದು ಕೈಯಲ್ಲಿ ಕಾಕಾನ ಮುಂಗೈ ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಉರುಳೆಯಿಂದ ತೆಗೆದಳು. ಅದೇ ಹೊತ್ತಿಗೆ ನಾನು ಇನ್ನೊಂದು ಕಲ್ಲನ್ನು ಬರಿಗೈಯಿಂದ ಬಾವಿಗೆ ಬಿಟ್ಟೆ. ಉರುಳೆ ಮೊದಲು ನಿಧಾನ, ಆಮೇಲೆ ಕಣ್ಣಿಗೆ ಸಿಗದಷ್ಟು ಜೋರಾಗಿ ತಿರುಗಿತು. ನನ್ನ ಕಲ್ಲೇ ಮೊದಲು ನೀರಿಗೆ ಬಿತ್ತು, ಕಟ್ಟಿದ ಕಲ್ಲು ಆಮೇಲೆ. ಅದಕ್ಕೆ ಉರುಳೆಯನ್ನೂ ತಿರುಗಿಸಿಕೊಂಡು ಹೋಗಬೇಕಲ್ಲ. ಹಗ್ಗ ಅದನ್ನು ಮೇಲಕ್ಕೆ ಎಳೆಯುತ್ತದೆ, ಆದರೆ ತೂಕದಷ್ಟು ಅಲ್ಲ. ಎರಡು ವರ್ಷ ತಲೆಗೆ ಹತ್ತದೇ ಇದ್ದದ್ದು ಹತ್ತಿತು. ನಾನು ಕುಣಿದಾಡುತ್ತಿದ್ದರೆ ಆಯಿ ಬಾವಿಕಟ್ಟೆಗೆ ಒರಗಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಇಂಥಾ ಸಾಲಿ ಯಾಕ ಬೇಕವ್ವಾ ಎನ್ನುತ್ತಿದ್ದಳು.

ಪಾಸಾದೆ. ಚಿಕ್ಕೋಡಿಗೆ ಡಿಗ್ರಿ ಓದಲು ಹೋದೆ. ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ಮೋಟಾರು ಇಳಿಸುವುದಿತ್ತು. ಆಯಿಯ ಮೊಣಕೈ ನೋಯುತ್ತಿತ್ತು. ಯಾರನ್ನೂ ಕೇಳದೆ ಗೋಣಿಯನ್ನು ನನ್ನ ಕೈಗೆ ಸುತ್ತಿದಳು. ಉರುಳೆ ಅಂಗೈಯಡಿ ಬಿಸಿಯಾಗುತ್ತ ಬಂತು. ಅಷ್ಟು ದಿನ ಬಾಯಿಪಾಠವಾಗಿದ್ದ ಸೂತ್ರ ಒಂದೂ ನೆನಪಾಗಲಿಲ್ಲ. “ಸಾವಕಾಶವ್ವಾ, ಸಾವಕಾಶ,” ಎಂದು ಕಾಕಾ ಆಳದಿಂದ ಹೇಳುತ್ತಿದ್ದ. ನಾನು ಅವನೊಬ್ಬನನ್ನೇ ನೋಡುತ್ತಿದ್ದೆ.

ಆಮೇಲೆ ನೀರೊಳಗೇ ಮುಳುಗಿರುವ ಮೋಟಾರು ಬಂತು, ಏರಿಸುವುದು ಇಳಿಸುವುದು ನಿಂತಿತು. ಆಸ್ತಿ ಹಿಸೆಯಾಗಿ ಮನೆ ಕೆಡವಿದರು. ಅಜ್ಜ ಹೋದ, ಆಯಿ ಹೋದಳು, ಹೋದ ವರ್ಷ ಕಾಕಾನೂ ಹೋದ. ನಾನೀಗ ಫಿಜಿಕ್ಸ್ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳು ಆ ಉರುಳೆಯ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಪೆನ್ನು ಮುಚ್ಚುತ್ತಾರೆ. ನನಗೂ ಸಂತೋಷವೇ. ಆದರೂ ಆ ಮೋಟಾರಿನ ಭಾರವನ್ನು ಇನ್ನೊಮ್ಮೆ ಅಂಗೈಯಲ್ಲಿ ತಡೆಹಿಡಿಯಬೇಕು ಅನಿಸುತ್ತದೆ, ಕೈ ಸುಟ್ಟರೂ ಸರಿ, ನಮ್ಮವರು ಒಬ್ಬರಾದರೂ ಕೆಳಗೆ ನಿಂತಿರಬೇಕು.