ಎಮ್ಮೆಯ ಬೆನ್ನೇ ಕರಿಹಲಗೆ

ಅಕ್ಕೋರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದರೂ ಸುಣ್ಣದ ಕಡ್ಡಿ ಅವರ ಕೈ ಬಿಟ್ಟಿರಲಿಲ್ಲ. ಮನೆಯಲ್ಲಿ ಹಲಗೆ ಇರಲಿಲ್ಲ. ಅಂಗಳದಲ್ಲಿ ಕಟ್ಟಿದ ಪಂಢರಪುರಿ ಎಮ್ಮೆಯ ಬೆನ್ನ ಮೇಲೆಯೇ ಬರೆಯುತ್ತಿದ್ದರು. ಉದ್ದ ಕೋಡಿನ ಆ ಎಮ್ಮೆ ಮೆಲುಕು ಹಾಕುತ್ತ ಸುಮ್ಮನೆ ನಿಂತಿರುತ್ತಿತ್ತು. ನೊಣ ಕೂತು ಚರ್ಮ ಅದುರಿಸಿದಾಗ ಮಾತ್ರ ಒಂದೆರಡು ಅಕ್ಷರ ಉದುರುತ್ತಿದ್ದವು. "ನೋಡ, ಇಕಿಗೂ ನಿನ್ನ ಉತ್ತರ ಸೇರಲಿಲ್ಲ" ಎಂದು ನನ್ನ ಕಡೆ ತಿರುಗಿ ನಗುತ್ತಿದ್ದರು.

ಬೇಡಕಿಹಾಳದ ಕನ್ನಡ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರೂ ಅವರೇ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದ, ನಾನು ಶಾಲೆ ಬಿಟ್ಟೆ. ಅಲ್ಲಿಂದ ಮುಂದೆ ಒಂದು ದಿನವೂ ಸುಮ್ಮನೆ ಕೂತವನಲ್ಲ. ಕಬ್ಬು ಕಡಿದೆ, ಟ್ರ್ಯಾಕ್ಟರ್ ಹೊಡೆದೆ, ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸಕ್ಕೆ ಸೇರಿದೆ. ಯಾರ ಮುಂದೆಯೂ ಕೈ ಚಾಚಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಆದರೆ ಹಂಗಾಮಿನ ಕೆಲಸವೆಂದರೆ ಚಿಮಣಿಯ ಹೊಗೆ ನಿಂತ ದಿನ ನಮ್ಮ ಪಗಾರವೂ ನಿಂತ ಹಾಗೆ. ಒಂದು ವರ್ಷ ಕಾರ್ಖಾನೆಯವರು, ಹಳೆಯ ಕೆಲಸಗಾರರನ್ನು ಕಾಯಂ ಮಾಡಿಕೊಳ್ಳುತ್ತೇವೆ, ಓದಿದ್ದು ಎಷ್ಟು ಅಂತ ಕೇಳುವುದಿಲ್ಲ, ಆದರೆ ಚಿಕ್ಕೋಡಿಯಲ್ಲಿ ಒಂದು ಲಿಖಿತ ಪರೀಕ್ಷೆ ಪಾಸಾಗಬೇಕು ಎಂದರು.

ಲೆಕ್ಕಕ್ಕೆ ನಾನು ಹೆದರಲಿಲ್ಲ. ಹೆದರಿಸಿದ್ದು ಹಳೆಯ ಪ್ರಶ್ನೆಪತ್ರಿಕೆಯಲ್ಲಿದ್ದ ಪದಗಳ ಸಂಬಂಧ ಎನ್ನುವ ಭಾಗ. ಹಾವಿಗೆ ಹುತ್ತ ಆದರೆ ಹಕ್ಕಿಗೆ ಏನು ಎಂಬುದಕ್ಕೆ ಗೂಡು ಎಂದೆ. ಮುಂದಿನವು ಒಂದೂ ತಿಳಿಯಲಿಲ್ಲ. ಜೊತೆಯ ಹುಡುಗರು ಕೋಚಿಂಗ್ ಕ್ಲಾಸಿಗೆ ಹೋಗತೊಡಗಿದರು. ಈಗಷ್ಟೇ ಮೀಸೆ ಬರುತ್ತಿರುವವರ ನಡುವೆ ಬೆಂಚಿನ ಮೇಲೆ ಕೂರುವುದು ನನ್ನಿಂದ ಆಗದ ಮಾತು. ಹಾಲಿನ ಕ್ಯಾನು ಹಿಡಿದು ಅಕ್ಕೋರ ಮನೆಗೆ ಹೋದೆ, ಹಾಲು ಬೇಕಿತ್ತು ಎಂದೆ.

ಅಕ್ಕೋರು ನನ್ನನ್ನೂ ಕ್ಯಾನನ್ನೂ ನೋಡಿದರು. "ನಿಮ್ಮ ಮನ್ಯಾಗ ಎರಡ ಎಮ್ಮಿ ಹಿಂಡ್ತಾವ. ಡೇರಿಗೆ ಹಾಕಿ ಉಳೀತಾವ. ನನ್ನ ಕಡೆ ಹಾಲಿಗಿ ಬಂದಿಯಲ್ಲೋ ತಮ್ಮಾ?"

ನಾನು ಎಮ್ಮೆಯ ಕಡೆ ನೋಡುತ್ತ ನಿಂತೆ. ಅವರು ಮತ್ತೇನೂ ಕೇಳದೆ ಹಾಲು ಅಳೆದು ಹಾಕಿದರು. ನನ್ನ ಅಂಗಿಯ ಕಿಸೆಯಲ್ಲಿ ಮಡಚಿದ್ದ ಆ ಪ್ರಶ್ನೆಪತ್ರಿಕೆಯನ್ನು ತಾವೇ ಎಳೆದುಕೊಂಡರು. ಅಂದಿನಿಂದ ಪಾಠ ಶುರುವಾಯಿತು. ಮನೆಗೆ ಬಂದ ಹಾಲು ನೋಡಿ ನನ್ನ ಹೆಂಡತಿ ಕೇಳಿದಳು, "ನಮ್ಮ ಎಮ್ಮಿ ಹಾಲು ಕಹಿ ಆಗ್ಯಾವೇನ್ರಿ?" ಓಣಿಗೆಲ್ಲ ಗೊತ್ತಾಗಿದ್ದ ಗುಟ್ಟನ್ನು ನಾನೊಬ್ಬನೇ ಜೋಪಾನ ಮಾಡುತ್ತಿದ್ದೆ.

ಎರಡನೆಯ ದಿನವೇ ಎಮ್ಮೆಯ ಬೆನ್ನ ಮೇಲೆ ಬರೆದರು: ಹತ್ತು, ಇಳಿ, ಏಳು, ಮುಂದೇನು? ಎಂಟು, ಆರು, ಕೂಡು ಎಂದು ಮೂರು ಉತ್ತರ ಕೊಟ್ಟರು. ನಾನು ತಡಮಾಡದೆ ಆರು ಎಂದೆ. ಯಾಕೆ ಎಂದರು. ಹತ್ತರಿಂದ ಒಂದು ಮೆಟ್ಟಿಲು ಇಳಿಯಬೇಕು ಎಂದಮೇಲೆ ಏಳರಿಂದಲೂ ಇಳಿಯಬೇಕಲ್ಲ ಎಂದೆ. ಅಕ್ಕೋರು ಸೆರಗು ಬಾಯಿಗೆ ಹಿಡಿದು ನಕ್ಕು, ಕಾರಣ ಹೇಳಿದ್ದಕ್ಕೆ ಅರ್ಧ ಮಾರ್ಕು ಕೊಟ್ಟರು. ಆಮೇಲೆ ಹೇಳಿದರು:

"ಒಂದ ಮಾತಿನ ಮಾರಿ ನೋಡಿ ಅದು ಯಾರಂತ ಹೇಳಬ್ಯಾಡ. ಪಕ್ಕದಾಗ ಯಾರು ನಿಂತಾರ ನೋಡು. ಇಳಿ ಅಂದ್ರ ಕೆಲಸ. ಅದರ ಮಗ್ಗಲದಾಗಿನ ಹತ್ತೂ ಕೆಲಸನ. ಬಸ್ಸ ಹತ್ತು, ಬಸ್ಸ ಇಳಿ. ಅಂದಮ್ಯಾಲ ಏಳು ಅಂದ್ರ?"

"ಕೂಡು" ಎಂದೆ. ಕೂತುಕೊಳ್ಳುವ ಕೂಡು ಅದು, ಕೂಡಿಸುವ ಲೆಕ್ಕ ಅಂತಲೇ ತಿಳಿದಿದ್ದೆ ನಾನು.

ಅವರು ತಪ್ಪು ಎನ್ನುತ್ತಿರಲಿಲ್ಲ. ಎರಡು ಪದಗಳ ನಡುವೆ ಒಂದು ವಾಕ್ಯ ಕಟ್ಟು, ಬಾಯಿಬಿಟ್ಟು ಹೇಳು, ಅದೇ ವಾಕ್ಯದಲ್ಲಿ ಮುಂದಿನ ಜೋಡಿಯನ್ನು ಕೂರಿಸು ಎನ್ನುತ್ತಿದ್ದರು. ಕಬ್ಬಿಗೆ ಕಟ್ಟು, ಬಾಳೆಗೆ ಗೊನೆ ಎಂದು ನಾನು ಬೀಗಿದ ಮಾರನೆಯ ದಿನವೇ, ಬಿಚ್ಚುವುದಕ್ಕೆ ಕಟ್ಟು ಆದರೆ ಇಳಿಸುವುದಕ್ಕೆ ಏನು ಎಂದು ಕೇಳಿದರು. ಕಟ್ಟು ಕಂಡದ್ದೇ ಹೊರೆ ಎಂದುಬಿಟ್ಟೆ. ನಿನ್ನೆ ಅದು ಹೆಸರಾಗಿತ್ತು, ಇವತ್ತು ಕೆಲಸಕ್ಕೆ ಬಂದಿದೆ, ನೀನೂ ಹೊಲದಲ್ಲಿ ಬೇರೆ ಕಾರ್ಖಾನೆಯಲ್ಲಿ ಬೇರೆ ಅಲ್ಲವೇನು ಎಂದು ಕೇಳಿ, ಹೇರು ಎಂದು ನನ್ನ ಬಾಯಿಂದಲೇ ಹೊರಡಿಸಿದರು. ಅಂದಾಜಿನ ಮೇಲೆ ಸರಿ ಉತ್ತರ ಹೇಳಿದರೂ ಒದ್ದೆ ಕೈಯಿಂದ ಒರೆಸಿಬಿಡುತ್ತಿದ್ದರು. "ಕಾರಣ ಇಲ್ಲದ ಉತ್ತರ ದೇವರ ಕೊಟ್ಟದ್ದು. ನಿಂದಲ್ಲ."

ಎಮ್ಮೆ ಗಬ್ಬವಾಗಿತ್ತು. ಕೆಲ ತಿಂಗಳಿಗೆ ಹಾಲು ಬತ್ತಿತು, ನನ್ನ ನೆವವೂ ಬತ್ತಿತು. ಇನ್ನು ಬರಿಗೈಯಲ್ಲೇ ಬಾ ಎಂದರು. ಬರಿಗೈಯಲ್ಲಿ ಹೋಗುವ ಜಾತಿ ನಾನಲ್ಲ, ಎಮ್ಮೆಗೆ ಕಬ್ಬಿನ ಹಸಿ ಸೋಗೆಯ ಹೊರೆ ಹೊತ್ತು ಹೋದೆ.

ಪರೀಕ್ಷೆ ಹತ್ತಿರ ಬಂದಂತೆ ನನ್ನ ಎದೆ ಕುಸಿಯಿತು. ಫೇಲಾದರೆ ಆ ಹುಡುಗರ ಮುಂದೆ ಮಾರಿ ಎತ್ತಿ ತಿರುಗುವುದು ಹೇಗೆ? ಹಿಂದಿನ ದಿನ ಸಂಜೆ ಅಕ್ಕೋರಿಗೆ ಹೇಳಿದೆ, ನಾಳೆ ಬೆಳಿಗ್ಗೆಯೇ ಪಂಪ್‌ಸೆಟ್ಟಿಗೆ ಕರೆಂಟು ಕೊಡುತ್ತಾರಂತೆ, ಕಬ್ಬಿಗೆ ನೀರು ಬಿಡಬೇಕು, ಹೋಗುವುದು ಆಗುತ್ತದೋ ಇಲ್ಲವೋ ಎಂದು. ಅವರು ಎಮ್ಮೆಯ ಬೆನ್ನು ಒರೆಸುತ್ತ ನಿಂತರು.

ನೀರಿನ ಪಾಳಿಯನ್ನು ಹೆಂಡತಿ ತಾನು ನೋಡಿಕೊಳ್ಳುತ್ತೇನೆಂದಳು. ಬೇರೆ ದಾರಿ ಕಾಣದೆ ಬೆಳಿಗ್ಗೆ ಹೊರಟೆ. ಕಾಲಿಗೆ ಬಿದ್ದು ಹೋಗೋಣವೆಂದು ಅಕ್ಕೋರ ಮನೆಗೆ ಹೋದರೆ, ಅವರು ಅಂಗಳದ ಬಾಗಿಲಿಗೆ ಅಡ್ಡ ನಿಂತಿದ್ದರು. ಬಲಗೈ ಸೆರಗಿನೊಳಗಿತ್ತು. ಕಟ್ಟೆಯ ಮೇಲೆ ಸಕ್ಕರೆ ಡಬ್ಬಿ ಇದೆ, ನೀನೇ ಬಾಯಿಗೆ ಹಾಕಿಕೊಂಡು ನಡೆ ಎಂದರು. ಒಳಗೆ ಎಮ್ಮೆ ಒದರಿತು. ಏನಾಯಿತೆಂದು ಕೇಳಿದರೆ ಸೋಗೆ ಬೇಕಂತೆ ಅದಕ್ಕೆ ಎಂದರು. ತಮ್ಮ ಕೈಯಾರೆ ಸಕ್ಕರೆ ಕೊಡಲಿಲ್ಲವಲ್ಲ ಎಂದು ಬಸ್ಸಿನುದ್ದಕ್ಕೂ ನನಗೆ ಸಿಟ್ಟು.

ಪರೀಕ್ಷೆಯಲ್ಲಿ ವಾಕ್ಯ ಕಟ್ಟಿ ಕಟ್ಟಿ ಹೇಳಿಕೊಂಡೆ. ಗುಣುಗುಣು ಮಾಡಬೇಡಿ ಎಂದು ಮೇಲ್ವಿಚಾರಕರು ಗದರಿದ ಮೇಲೆ ಹಲ್ಲಿನೊಳಗೇ ಹೇಳಿಕೊಂಡೆ.

ಸಂಜೆ ಬಂದು ನೋಡಿದರೆ ಅಕ್ಕೋರ ಅಂಗಳದಲ್ಲಿ ಹೆಣ್ಣು ಕರು ನಿಂತಿತ್ತು. ಬೆಳಗಿನ ಜಾವದಿಂದಲೇ ಎಮ್ಮೆಗೆ ಬೇನೆ, ಕರುವಿನ ಮುಂಗಾಲು ಮಡಚಿಕೊಂಡಿತ್ತು, ಡಾಕ್ಟರು ಬೇಗ ಸಿಗಲಿಲ್ಲ ಎಂದು ಪಕ್ಕದ ಮನೆಯ ಹೆಣ್ಣುಮಗಳು ಹೇಳಿದಳು. ಅವಳೂ ಅಕ್ಕೋರೂ ಸೇರಿ ಎಳೆದು ಹಡೆಸಿದ್ದರು. ಅಕ್ಕೋರ ಬಲ ಮಣಿಕಟ್ಟು ಊದಿಕೊಂಡು ಅರಿಸಿನ ಮೆತ್ತಿಸಿಕೊಂಡಿತ್ತು. ಬೆಳಿಗ್ಗೆ ನಾನು ಬಾಗಿಲಿಗೆ ಹೋದಾಗ, ಕರು ಎಳೆಯಲೆಂದು ಆ ಕೈಗೆ ಎಣ್ಣೆ ಹಚ್ಚಿಕೊಂಡಿದ್ದರಂತೆ. ಓಣಿಯಲ್ಲಿ ಯಾರ ಎಮ್ಮೆ ಹಡೆಯಲಾರದೆ ಕಷ್ಟಪಟ್ಟರೂ ಕರೆಯುವುದು ನನ್ನನ್ನೇ. ನನಗೆ ತಡೆಯಲಾಗಲಿಲ್ಲ.

"ನಾ ಏನ್ ಸತ್ತಿದ್ನೇನ್ರಿ ಅಕ್ಕೋರ? ಒಂದ ಮಾತ ಕರೀಬಾರದಾ?"

"ಕರದಿದ್ರ ನೀ ಬರತಿದ್ದಿ" ಎಂದರು ಅವರು. "ನಿನ್ನಿಯಿಂದ ನಿನಗ ಒಂದ ನೆವ ಬೇಕಾಗಿತ್ತು. ಅದನ್ನ ನನ್ನ ಎಮ್ಮಿ ಯಾಕ ಕೊಡಬೇಕೋ?"

ನಾನು ಕರುವಿನ ಮೈ ಒರೆಸತೊಡಗಿದೆ.

ಕೆಲಸ ಕಾಯಂ ಆಯಿತು. ಈಗ ಚಿಮಣಿ ನಿಂತರೂ ನನ್ನ ಮನೆಯ ಒಲೆ ಉರಿಯುತ್ತದೆ. ಅಕ್ಕೋರ ಮಣಿಕಟ್ಟು ಮಾತ್ರ ಮೊದಲಿನಂತಾಗಲಿಲ್ಲ. ಅಕ್ಷರ ಸೊಟ್ಟಗೆ ಬಂದರೆ, ಎಮ್ಮೆ ಅಲ್ಲಾಡಿತು ಎನ್ನುತ್ತಿದ್ದರು. ಹೋದ ವರ್ಷ ಶ್ರಾವಣದಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮೀರಜದಿಂದ ಬಂದ ಅವರ ಮಗಳು ಎಮ್ಮೆಯನ್ನೂ, ಬೆಳೆದು ನಿಂತಿದ್ದ ಆ ಕರುವನ್ನೂ ನಮ್ಮ ಮನೆಯಲ್ಲಿ ಕಟ್ಟಿ ಹೋದರು.

ಈ ವರ್ಷ ಊರ ಡೇರಿಯವರು ಹಾಲು ಪರೀಕ್ಷಿಸುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕರೆದಿದ್ದರು. ಅದಕ್ಕೂ ಚಿಕ್ಕೋಡಿಯಲ್ಲೇ ಪರೀಕ್ಷೆ. ನನ್ನ ಹೆಂಡತಿ ತಿಂಗಳುಗಟ್ಟಲೆ ಓದಿದ್ದಳು. ಆ ದಿನ ಹೊರಡುವ ಹೊತ್ತಿಗೆ ಕೊಟ್ಟಿಗೆಯ ಕಡೆ ತಿರುಗಿದಳು.

"ಅಕ್ಕೋರ ಎಮ್ಮಿ ಯಾಕೋ ಮೇವ ಮುಟ್ಟವಲ್ದು. ನಾ ಹೆಂಗ ಹೋಗ್ಲಿರಿ?"

ಎಮ್ಮೆ ನಿಜವಾಗಿಯೂ ಮೇವು ಮುಟ್ಟಿರಲಿಲ್ಲ. ನಾನು ಹೋಗಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತೆ.

"ಅದನ್ನ ನಾ ನೋಡ್ಕೋತೀನಿ. ನೀ ಬಸ್ಸ ಹತ್ತು."