ಕೆಂಪು ಕಾರಿನ ಮೇಷ್ಟ್ರು

ನನಗೆ ಡ್ರೈವಿಂಗ್ ಕಲಿಸಿದ ಗುರುಗಳು ಮೂವರು. ಮೊದಲನೆಯವರು ನನ್ನ ಗಂಡ. ಎರಡನೆಯವರೂ ನನ್ನ ಗಂಡನೇ, ಯಾಕೆಂದರೆ ಮೊದಲ ಸಲ ಜಗಳವಾಡಿ ನಿಲ್ಲಿಸಿದವರು ರಾಜಿಯಾಗಿ ಮತ್ತೆ ಶುರು ಮಾಡಿದ್ದೆವು. ಎರಡು ಸಲವೂ ರೋಡ್ ಟೆಸ್ಟಿನಲ್ಲಿ ಫೇಲಾದೆ. ಮೂರನೆಯವರು ನ್ಯೂಜೆರ್ಸಿಯಲ್ಲಿ ನಮ್ಮ ಸುತ್ತಮುತ್ತಲೆಲ್ಲ ಹೆಸರು ಮಾಡಿದ್ದ ಕಾರ್ ರೇಸಿನ ಸರದಾರರು.

ಆಗ ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಕಂಪನಿಗಳು ಗಾಬರಿಬಿದ್ದು, ಪ್ರೋಗ್ರಾಂ ಬರೆಯಬಲ್ಲವರನ್ನೆಲ್ಲ ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ. ಒಂದೂವರೆ ವರ್ಷ ಗಂಡನ ವೀಸಾಕ್ಕೆ ಜೋತುಬಿದ್ದು ಮನೆಯಲ್ಲಿ ಕೂತಿದ್ದ ನನಗೂ ಕೊನೆಗೆ ನನ್ನದೇ ಹೆಸರಿನಲ್ಲಿ ಒಂದು ವೀಸಾ ಬಂತು, ಮಾರಿಸ್‌ಟೌನ್‌ನಲ್ಲಿ ಒಂದು ಪ್ರಾಜೆಕ್ಟೂ ಸಿಕ್ಕಿತು. ನಾವಿದ್ದದ್ದು ಹ್ಯಾರಿಸನ್‌ನಲ್ಲಿ. ರೈಲು ಬದಲಿಸಿಕೊಂಡು ಮಾರಿಸ್‌ಟೌನ್ ತನಕ ಹೋಗಬಹುದಿತ್ತು, ಆದರೆ ಆಫೀಸು ಸ್ಟೇಷನ್ನಿನಿಂದ ಐದು ಮೈಲಿ, ದಾರಿಯಲ್ಲಿ ಫುಟ್‌ಪಾತ್ ಕೂಡ ಇಲ್ಲ. ನಾಲ್ಕು ವಾರದಲ್ಲಿ ಲೈಸೆನ್ಸ್ ಆಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ನೋಡುತ್ತೇವೆ ಎಂದು ಅವರು ನಗುನಗುತ್ತಲೇ ಹೇಳಿದ್ದರು.

ನನ್ನ ರೋಗ ಒಂದೇ. ಇಲ್ಲಿ ಎಷ್ಟೋ ಕಡೆ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ಇರುವುದಿಲ್ಲ. ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುತ್ತದೆ, ಎಲ್ಲರೂ ನಿಂತು, ಮೊದಲು ಬಂದವರು ಮೊದಲು ಹೊರಡಬೇಕು. ನಾನು ನಿಲ್ಲುತ್ತಿದ್ದೆ, ಹೊರಡುತ್ತಿರಲಿಲ್ಲ. ಎಡಗಡೆಯವರಿಗೆ ಕೈಮಾಡಿ ನೀವು ಹೋಗಿ ಎನ್ನುತ್ತಿದ್ದೆ, ಬಲಗಡೆಯವರಿಗೂ ನೀವೇ ಹೋಗಿ ಎನ್ನುತ್ತಿದ್ದೆ, ಅಷ್ಟರಲ್ಲಿ ಇನ್ನಿಬ್ಬರು ಬಂದಿರುತ್ತಿದ್ದರು. ಮದುವೆಮನೆಯಲ್ಲಿ ಊಟಕ್ಕೆ ಎಬ್ಬಿಸುವವರ ಹಾಗೆ ಎಲ್ಲರನ್ನೂ ಕಳಿಸಿ ನಾನು ಮಾತ್ರ ಉಳಿಯುತ್ತಿದ್ದೆ. ಎರಡು ಸಲವೂ ಪರೀಕ್ಷಕರು ನನ್ನನ್ನು ಫೇಲ್ ಮಾಡಿದ್ದು ಅಲ್ಲಿಯೇ. ಇದು ನಮ್ಮ ಕಡೆಯ ಮರ್ಯಾದೆ, ಇವರಿಗೆಲ್ಲಿ ಅರ್ಥವಾಗಬೇಕು ಎಂದು ನಾನು ಮನೆಗೆ ಬಂದು ಹಾರಾಡಿದ್ದೆ.

ಆಗ ಸರದಾರರ ಹೆಸರು ಎತ್ತಿದವರು ಇವರೇ, ಅಂದರೆ ನನ್ನ ಗಂಡ. ಆಫೀಸಿನ ಗೆಳೆಯರ ಜೊತೆ ಸೇರಿ ಇವರಿಗೆ ಸ್ಟಾಕ್ ಕಾರ್ ರೇಸಿನ ಹುಚ್ಚು ಹತ್ತಿತ್ತು. ನೋಡಲು ಪಕ್ಕದ ಮನೆಯವರ ಕಾರಿನಂತಿದ್ದು ಒಳಗೆ ರಾಕ್ಷಸ ಎಂಜಿನ್ ಇರುವ ಕಾರುಗಳು ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತುವ ಆಟ ಅದು.

"ಅವರು ಬ್ರೇಕೇ ಮುಟ್ಟಲ್ಲ ಕಣೇ. ಭಯ ಅನ್ನೋದು ಆ ಮನುಷ್ಯನ ಮೈಯಲ್ಲೇ ಇಲ್ಲ. ವಾರದ ದಿನ ಡ್ರೈವಿಂಗ್ ಹೇಳ್ಕೊಡ್ತಾರಂತೆ. ಅವರ ಕೈಲಿ ಕಲಿತ್ರೆ ನೀನು ಪಾಸಾದ ಹಾಗೇ ಲೆಕ್ಕ," ಎಂದರು.

ಮೂಲೆಯ ಪಿಜ್ಜಾ ಅಂಗಡಿಯ ಗೋಡೆಯಲ್ಲಿ ಅವರ ಫೋಟೋ ಇತ್ತು. ಕೆಂಪು ಕಾರಿನ ಮೇಲೆ ಕಾಲಿಟ್ಟು, ಕಪ್ಪು ಕನ್ನಡಕ ಹಾಕಿ, ಎದೆಯುದ್ದದ ಗೆಲುವಿನ ಕಪ್ ಹಿಡಿದು ನಿಂತಿದ್ದರು.

ನಮ್ಮ ಬಾಗಿಲಿಗೆ ಬಂದವರು ಅರವತ್ತು ಸಮೀಪಿಸಿದ, ಸೊಂಟ ಹಿಡಿದುಕೊಂಡ, ಬಡಕಲು ಅಂಕಲ್. ಅವರ ಹಳೆಯ ಕ್ರೀಂ ಬಣ್ಣದ ಕಾರಿನ ಸೀಟಿಗೆ ದಿಂಬು ಬೇರೆ. ದಾರಿ ತೋರಿಸಲು ಮೊದಲು ತಾವೇ ಓಡಿಸಿದರು. ಇಪ್ಪತ್ತೈದು ಮೈಲಿ ವೇಗದ ಬೀದಿಯಲ್ಲಿ ಇಪ್ಪತ್ತರಲ್ಲಿ ಹೋದರು. ಅಳಿಲು ಅಡ್ಡ ಬಂದರೂ ಬ್ರೇಕ್, ಎಲೆ ಹಾರಿದರೂ ಬ್ರೇಕ್. ಹಿಂದಿನ ಕಾರುಗಳು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದವು. ಸಂಜೆ ನಾನು ಇವರಿಗೆ, "ರೀ, ನಿಮ್ಮ ಸರದಾರರು ಬರೀ ಫೋಟೋದಲ್ಲಿ ಮಾತ್ರ," ಎಂದೆ. ಇವರಿಗೆ ಎಷ್ಟು ಕೋಪ ಬಂತೆಂದರೆ ಅನ್ನಕ್ಕೆ ಸಾರು ಹಾಕಿಕೊಳ್ಳದೆ ಮೊಸರಿಗೆ ಹೋದರು.

ಕಲಿಸುವುದರಲ್ಲಿ ಮಾತ್ರ ಮೇಷ್ಟ್ರು ಪಟ್ಟುಬಿಡದ ಆಸಾಮಿ. ದಿನವೂ ನನ್ನನ್ನು ಅದೇ ನಾಲ್ಕು ರಸ್ತೆಯ ಕೂಟಕ್ಕೆ ಕರೆದೊಯ್ಯುತ್ತಿದ್ದರು. "ಸರದಿ ನಿಮ್ಮದು, ಹೊರಡಿ," ಎನ್ನುತ್ತಿದ್ದರು. ನಾನು ಇದು ನಮ್ಮ ಕಡೆಯ ಮರ್ಯಾದೆ ಎಂದು ಪಕ್ಕದವರಿಗೆ ಕೈಮಾಡುತ್ತಿದ್ದೆ. ಅವರು ನಿಟ್ಟುಸಿರು ಬಿಡುತ್ತಿದ್ದರು. ಮೂರು ವಾರ ಇದೇ ನಡೆಯಿತು.

ಮೂರನೆಯ ಶನಿವಾರ ಇವರು ನನ್ನನ್ನು ರೇಸಿಗೆ ಎಳೆದುಕೊಂಡು ಹೋದರು, ನನ್ನ ಬಾಯಿ ಮುಚ್ಚಿಸಲಿಕ್ಕೆ. ಹೆದ್ದಾರಿಯಲ್ಲಿ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಆ ಟ್ರ್ಯಾಕು. ಮಕ್ಕಳಿಂದ ಮುದುಕಿಯರ ತನಕ ಎಲ್ಲರ ತಲೆಯ ಮೇಲೂ ಮೇಷ್ಟ್ರ ಕೆಂಪು ಟೋಪಿ. ಅವರು ಕಾರು ಹತ್ತಿದಾಗ ಎದ್ದ ಕೂಗಿಗೆ ನಾನೂ ಪುಳಕಗೊಂಡೆನೆಂದು ಒಪ್ಪಿಕೊಳ್ಳಬೇಕು. ಓಡಿಸಿದ್ದೂ ಸೊಗಸಾಗಿಯೇ. ಹಿಂದಿನಿಂದ ಒಬ್ಬೊಬ್ಬರನ್ನೇ ದಾಟಿಕೊಂಡು ಎರಡನೆಯ ಜಾಗಕ್ಕೆ ಬಂದರು. ಇಪ್ಪತ್ತು ಮೈಲಿಯ ಅಂಕಲ್ ಇವರೇನಾ ಎಂದು ನಾನು ಕಣ್ಣುಜ್ಜಿಕೊಂಡೆ.

ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮುಂದಿನ ಕಾರು ಹೊರಕ್ಕೆ ಜಾರಿತು. ಒಳಗಡೆ ಬಾಗಿಲು ತೆರೆದಿಟ್ಟಷ್ಟು ಜಾಗವಾಯಿತು. ಕೆಂಪು ಕಾರಿನ ಮೂತಿ ಅತ್ತ ತಿರುಗಿತು, ಒಂದು ಕ್ಷಣ ತಡವರಿಸಿತು, ಮತ್ತೆ ಹಿಂದಕ್ಕೇ ಬಂತು. ಎರಡನೆಯವರಾಗಿ ಮುಗಿಸಿದರು.

"ಟೈರ್ ಸವೆದಿರ್ಬೇಕು," ಎಂದು ಇವರು ಹಣೆ ಚಚ್ಚಿಕೊಂಡರು. ಹಿಂದಿನ ಸಾಲಿನವರು ಎಂಜಿನ್ನಿನ ಮೇಲೆ ತಪ್ಪು ಹೊರಿಸಿದರು. ಆ ತಡವರಿಕೆ ನನಗೆ ಮಾತ್ರ ಚೆನ್ನಾಗಿ ಗೊತ್ತಿತ್ತು, ದಿನವೂ ಬೆಳಿಗ್ಗೆ ಹತ್ತಕ್ಕೆ ನಾನು ಮಾಡುತ್ತಿದ್ದದ್ದೂ ಅದನ್ನೇ.

ಸೋಮವಾರ ಕಾರಿನಲ್ಲಿ ಕೂತವಳೇ ಕೇಳಿಬಿಟ್ಟೆ. "ಸರದಿ ನಿಮ್ಮದಾಗಿತ್ತು. ಯಾಕೆ ಹೋಗಲಿಲ್ಲ?"

ಮೇಷ್ಟ್ರು ತಾವು ಕೂತ ದಿಂಬನ್ನು ಸರಿಮಾಡಿಕೊಂಡರು. "ಭಯವಾಯಿತು," ಎಂದರು. "ಮೂರು ವರ್ಷದಿಂದ ಆ ತಿರುವು ಬಂದರೆ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಜನ ಅದನ್ನು ಜಾಣತನ ಅನ್ನುತ್ತಾರೆ, ನಾನೂ ಹೌದು ಅನ್ನುತ್ತೇನೆ. ಈವರೆಗೆ ಯಾರೂ ಕಂಡುಹಿಡಿದಿರಲಿಲ್ಲ."

ಆಮೇಲೆ ನನ್ನತ್ತ ತಿರುಗಿ, "ನಿಮ್ಮದೂ ಮರ್ಯಾದೆಯಲ್ಲ ಮ್ಯಾಮ್," ಎಂದರು.

ನನಗೆ ಮುಖಕ್ಕೆ ಹೊಡೆದಂತಾಯಿತು. ಅದು ನಿಜ. ನಾನು ಯಾರಿಗೂ ಮರ್ಯಾದೆ ಕೊಡುತ್ತಿರಲಿಲ್ಲ, ಹೆದರಿ ಸಾಯುತ್ತಿದ್ದೆ. ಲೈಸೆನ್ಸ್ ಸಿಕ್ಕರೆ ಮಾರನೆಯ ದಿನವೇ ಆ ಆಫೀಸಿಗೆ ಹೋಗಬೇಕಲ್ಲ, ಒಂದೂವರೆ ವರ್ಷದಲ್ಲಿ ಎಲ್ಲ ಮರೆತುಹೋಗಿದ್ದರೆ ಏನು ಗತಿ ಎಂಬ ಭಯವೂ ಅದರಲ್ಲಿ ಸೇರಿತ್ತು. ಇದನ್ನು ಮೊದಲ ಸಲ ಜೋರಾಗಿ ಹೇಳಿದ್ದು ಆ ದಿನ, ದಿಂಬಿನ ಮೇಲೆ ಕೂತ ಆ ಅಂಕಲ್ ಎದುರಿಗೆ. ಊರೆಲ್ಲ ಧೀರ ಎಂದು ಹೊಗಳುವ ಮನುಷ್ಯ ಮೂರು ವಾರದ ಪರಿಚಯದ ಹೆಂಗಸಿನ ಮುಂದೆ ಹೆದರಿದೆ ಎಂದು ಒಪ್ಪಿಕೊಂಡರಲ್ಲ, ಅವರ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆಗಲೇ.

ಗುರುವಾರ ಟೆಸ್ಟು. ಸ್ಟಾಪ್ ಬೋರ್ಡಿನಲ್ಲಿ ನಿಂತೆ. ಎಡಗಡೆ ಒಂದು ದೊಡ್ಡ ಲಾರಿ. ಸರದಿ ನನ್ನದು. ಹೆದರಿಕೊಂಡೇ ಹೊರಟೆ, ಲಾರಿಯವನು ಕಾದ. ಪಾಸು.

ಹೊರಗೆ ಕಾಯುತ್ತಿದ್ದ ಮೇಷ್ಟ್ರು ಕೈಕುಲುಕಿ, ಪಾರ್ಕಿಂಗ್ ಜಾಗದಲ್ಲೇ ಒಂದು ಮಾತು ಕೇಳಿದರು. "ಹೆಂಡತಿಯನ್ನು ಕೇಳಿದರೆ ಬಿಟ್ಟುಬಿಡು ಅನ್ನುತ್ತಾಳೆ, ಮದುವೆಯಾದಾಗಿನಿಂದ ಅದನ್ನೇ ಅನ್ನುತ್ತಿದ್ದಾಳೆ. ಗೆಳೆಯರನ್ನು ಕೇಳುವ ಹಾಗಿಲ್ಲ. ನಿಮಗೆ ವಿಷಯ ಗೊತ್ತಿದೆ, ನೀವು ಹೇಳಿ. ರೇಸು ಮುಂದುವರಿಸಲೋ, ನಿಲ್ಲಿಸಲೋ?"

ಅಮೆರಿಕಕ್ಕೆ ಬಂದ ಮೇಲೆ ಅಷ್ಟು ದೊಡ್ಡ ವಿಷಯಕ್ಕೆ ನನ್ನ ಅಭಿಪ್ರಾಯ ಕೇಳಿದವರು ಅವರೊಬ್ಬರೇ. "ನಾನು ದಾಟಿದರೆ ನನಗೊಂದು ಕೆಲಸ ಸಿಗುತ್ತಿತ್ತು, ದಾಟಿದೆ. ನೀವು ದಾಟಿದರೆ ಸಿಗುವುದು ಇನ್ನೊಂದು ಕಪ್. ಮನೆಯಲ್ಲಿ ಇಡಲು ಜಾಗ ಇದೆಯೇ? ನಿಲ್ಲಿಸಿ," ಎಂದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ನಕ್ಕರು.

ಶನಿವಾರ ಇವರು ನನ್ನನ್ನು ಮತ್ತೆ ಟ್ರ್ಯಾಕಿಗೆ ಹೊರಡಿಸಿದರು. ರೇಸು ಶುರುವಾಗುವ ಮೊದಲೇ ಮೈಕಿನಲ್ಲಿ ಘೋಷಣೆಯಾಯಿತು, ಸರದಾರರು ಇಂದಿನಿಂದ ಓಡಿಸುವುದಿಲ್ಲ. ಕೆಂಪು ಕಾರು ನಿಧಾನವಾಗಿ ಒಂದೇ ಒಂದು ಸುತ್ತು ಬಂತು, ಮೇಷ್ಟ್ರು ಕಿಟಕಿಯಿಂದ ಕೈಬೀಸಿದರು. ಜನ ಎದ್ದು ನಿಂತು ಅತ್ತರು. ಇವರಂತೂ ಮಗುವಿನ ಹಾಗೆ ಅತ್ತರು, ಉಳಿದ ರೇಸು ಬೇಡವೆಂದು ಎದ್ದುಬಿಟ್ಟರು. ಆ ಕಣ್ಣಿನಲ್ಲಿ ಕಾರು ಓಡಿಸುವುದು ಸಾಧ್ಯವೇ ಇರಲಿಲ್ಲ, ಹಾಗಾಗಿ ನಾನೇ ಬೀಗದ ಕೈ ಇಸಿದುಕೊಂಡು ಹೆದ್ದಾರಿಗೆ ಇಳಿದೆ.

"ಇನ್ನೂ ಹತ್ತು ವರ್ಷ ಓಡಿಸ್ಬೋದಿತ್ತು ಕಣೇ," ಎಂದು ಪಕ್ಕದ ಸೀಟಿನಲ್ಲಿ ಮೂಗು ಒರೆಸಿಕೊಂಡರು. "ಯಾರೋ ಬುದ್ಧಿಗೇಡಿಗಳು ಅವರ ತಲೆ ಕೆಡ್ಸಿದಾರೆ. ಕೈಗೆ ಸಿಕ್ಲಿ, ಸರಿಯಾಗಿ ಮಾಡ್ತೀನಿ."

"ಮನಸ್ಸಲ್ಲಿ ಇಟ್ಕೋಬೇಡಿ ರೀ, ಎಲ್ಲಾ ಬೈದುಬಿಡಿ," ಎಂದೆ.

ಹ್ಯಾರಿಸನ್ ಬರುವ ತನಕ ಅವರು ಬೈದರು. ನಾನು ಹೂಂಗುಟ್ಟುತ್ತ ಡ್ರೈವ್ ಮಾಡಿದೆ.