ಕುರಿಗೆ ದಕ್ಕಿದ ಜೋಳ

ತುರುವನೂರು ಕಡೆಯ ಕುರಿಗಾರ ಮಾರಣ್ಣನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೊಗೆ ಹೋಯಿತು. ಕಾಲಿಲ್ಲದವನು ಕುರಿ ಹಿಂದೆ ಹೇಗೆ ಅಲೆಯುತ್ತಾನೆ ಎಂದು ಆಡಿಕೊಂಡವರ ಬಾಯಿ ಮುಚ್ಚಿಸಿದ್ದು ಗೌರಿ, ಅವನ ಕುದುರೆ. ಮೋಟು ಕಾಲಿನ ನಾಟಿ ಜಾತಿ, ನೋಡಲು ಏನೂ ಚೆಂದವಿಲ್ಲ. ಆದರೆ ಮಾರಣ್ಣ ಅದರ ಬೆನ್ನೇರಿದನೆಂದರೆ ಮಂದೆಗೆ ಯಜಮಾನ. ಮದುವೆಯ ಮಾತೆತ್ತಿದರೆ, "ಒಬ್ಬಳನ್ನ ಕಟ್ಕಂಡೀನಲ್ರಿ, ಇವಳ ಹೊಟ್ಟೆ ತುಂಬ್ಸೋದೇ ಸಾಕಾಗೈತೆ" ಎಂದು ಗೌರಿಯ ಕುತ್ತಿಗೆ ತಟ್ಟಿ ನಗುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಅವನೂ ತಮ್ಮ ಹನುಮೇಶನೂ ಮಂದೆ ಹೊಡೆದುಕೊಂಡು ಹೊಳಲ್ಕೆರೆ ಮೇಲೆ ನಮ್ಮ ಮತ್ತೋಡಿಗೆ ಬರುತ್ತಿದ್ದರು. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರ ಬೀಳುತ್ತದೆ, ಹೊಲದವರು ಬದಲಿಗೆ ಕಾಳು ಕೊಡುತ್ತಾರೆ. ಈ ಸಲ ಹೊಳಲ್ಕೆರೆ ಕಡೆಯ ಪಂಚಾಕ್ಷರಪ್ಪ ಎಂಬ ರೈತ ಕೊಟ್ಟದ್ದು ಮೆಕ್ಕೆಜೋಳ. ಅಕಾಲದ ಮಳೆಗೆ ನೆನೆದು ಅಲ್ಲಲ್ಲಿ ಬೂಷ್ಟು ಹಿಡಿದಿತ್ತು.

ಮಾರಣ್ಣನ ಮನೆತನದಲ್ಲಿ ಒಂದು ಕಟ್ಟಳೆ. ಹೊಸ ಜಾಗದ ಸೊಪ್ಪಾಗಲಿ ಕಾಳಾಗಲಿ ಮೊದಲು ಒಂದೆರಡು ಬಡಕಲು ಕುರಿಗೆ ತಿನ್ನಿಸಿ ನೋಡುವುದು. ಅವು ಮರುದಿನವೂ ಮೆಲುಕು ಹಾಕುತ್ತಿದ್ದರೆ ಮಿಕ್ಕವಕ್ಕೆಲ್ಲ ಹಾಕುವುದು, ಕುದುರೆಗೂ ಸೇರಿಸಿ. ಅಪ್ಪನ ಕಾಲದಲ್ಲಿ ಕಣಗಿಲೆ ಸೊಪ್ಪಿನ ವಿಷಕ್ಕೆ ಸಿಗದೆ ಇಡೀ ಮಂದೆ ಬದುಕಿದ್ದು ಇದರಿಂದಲೇ. ಹಾಗಾಗಿ ಮಾರಣ್ಣ ಅದನ್ನು ದೇವರಂತೆ ನಂಬಿದ್ದ. ಜೋಳ ತಿಂದ ಕುರಿಗಳು ಗಟ್ಟಿಮುಟ್ಟಾಗಿದ್ದವು. ಅಲ್ಲಿಂದ ದಿನಾ ಸಂಜೆ ಗೌರಿಗೆ ಒಂದು ಬೋಗುಣಿ ಜೋಳ, ತಾನು ಉಣ್ಣುವ ಮೊದಲು.

ಮತ್ತೋಡಿಗೆ ಬರುವಷ್ಟರಲ್ಲಿ ಗೌರಿ ಮುಗ್ಗರಿಸುತ್ತಿತ್ತು. ಮಾರನೇ ಬೆಳಿಗ್ಗೆ ಕಣ್ಣು ಕಾಣದೆ ಸುತ್ತಿ ಸುತ್ತಿ ಬಂದು ನಮ್ಮ ಹೊಲದ ಬೇವಿನ ಮರಕ್ಕೆ ಹಣೆ ಒತ್ತಿ ನಿಂತುಬಿಟ್ಟಿತು. ಮಾರಣ್ಣ ಕರೆದರೆ ದನಿಯ ಕಡೆಗೆ ಬರಲು ಹೋಗಿ ಬೀಳುತ್ತಿತ್ತು. ಎರಡು ಸಲ ಬಿದ್ದ ಮೇಲೆ ಅವನು ಕರೆಯುವುದನ್ನೇ ಬಿಟ್ಟ. ಅದರ ಪಕ್ಕದಲ್ಲೇ ಕುಳಿತ ಅವನನ್ನು ನೋಡಲಾಗದೆ ನಾನು ಹೊಸದುರ್ಗದಿಂದ ದನದ ಡಾಕ್ಟರನ್ನು ಕರೆತಂದೆ.

ಡಾಕ್ಟರ್ ಮೂಟೆಗೆ ಕೈ ಹಾಕಿ ಜೋಳ ಮೂಸಿದರು. "ಬೂಷ್ಟಿನ ವಿಷ ಮಿದುಳಿಗೆ ಏರೈತೆ. ಇದಕ್ಕೆ ಔಷಧಿ ಇಲ್ಲಪ್ಪ."

"ಕುರಿ ತಿಂದು ಚೆನ್ನಾಗವಲ್ಲ ಸಾರ್?"

"ಕುರಿಗೆ ದಕ್ಕಿದ್ದೆಲ್ಲ ಕುದುರೆಗೆ ದಕ್ಕಲ್ಲ ಮಾರಣ್ಣ."

ಸಂಜೆಗೆ ಗೌರಿ ಸತ್ತಿತು. ಪಂಚಾಕ್ಷರಪ್ಪನನ್ನು ಬೈಯೋಣವೆಂದು ಫೋನು ಮಾಡಿದೆ. ಆತ ಅದೇ ಜೋಳವನ್ನು ತನ್ನ ಎಮ್ಮೆಗೂ ಹಾಕಿದ್ದ, ಎಮ್ಮೆ ಚೆನ್ನಾಗಿತ್ತು. ಸುದ್ದಿ ಕೇಳಿ ಆತನೇ ಅತ್ತ. ಬೈಯಲು ಒಬ್ಬ ಪಾಪಿಯೂ ಸಿಗಲಿಲ್ಲ.

ಮೇವು ಮುಗಿದ ಹೊಲದಲ್ಲಿ ಕುರಿ ನಿಲ್ಲುವುದಿಲ್ಲ. ಮೂರನೇ ದಿನ ಮಂದೆ ಎದ್ದಿತು.

"ಬೇರೆ ಕುದುರೆ ನೋಡಾಣ ಅಣ್ಣ" ಎಂದ ಹನುಮೇಶ.

"ಇನ್ನೊಂದನ್ನ ಪಳಗಿಸೋ ವಯಸ್ಸೇನ್ಲೇ ನಂದು? ನಡಿ, ನಡ್ಕಂಡೇ ಬರ್ತೀನಿ."

ಕೋಲೂರಿಕೊಂಡು ನಡೆದ. ನಮ್ಮ ಹೊಲದ ಬದು ದಾಟುವಷ್ಟರಲ್ಲಿ ಬೆವೆತು ಕುಳಿತ. ಹನುಮೇಶ ನಿಂತ, ಕುರಿಗಳು ನಿಲ್ಲಲಿಲ್ಲ.

"ಹೋಗಲೇ, ಯಾರದಾನ ಬೆಳೆಗೆ ಬಿದ್ದಾವು" ಎಂದು ಮಾರಣ್ಣ ಗದರಿದ. ಹನುಮೇಶ ಹಿಂದೆ ಹಿಂದೆ ನೋಡುತ್ತಲೇ ಓಡಿದ.

ಮಂದೆಯ ಧೂಳು ಇಳಿಯಿತು. ಆಮೇಲೆ ಅವನು ನನ್ನ ಕಡೆ ತಿರುಗಿದ. "ಇಲ್ಲಿ ಬಸ್ಸು ಎಲ್ಲಿ ನಿಲ್ತೈತ್ರಿ?"

ಇಷ್ಟು ವರ್ಷ ಗೌರಿಯ ಬೆನ್ನ ಮೇಲೆ ನಮ್ಮೂರಿಗೆ ಬಂದವನಿಗೆ ಅದೊಂದು ಗೊತ್ತಿರಲಿಲ್ಲ.